ವಿಡಿಯೊದ ನಡುವೆ ಹಾರಿದರೆ ಚಿತ್ರ ಒಡೆಯುತ್ತದೆ, ಸಮಯವೂ ತಪ್ಪುತ್ತದೆ: ದೋಷ ಪ್ಲೇಯರಿನದೋ ಕಡತದ್ದೋ?

ಪದ್ಯಸೂಚಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕರಾವಳಿಯ ಯಕ್ಷಗಾನ ಬಯಲಾಟ ಮತ್ತು ತಾಳಮದ್ದಳೆಗಳ ಹಳೆಯ ವಿಡಿಯೊಗಳಿಗೆ ಪದ್ಯಗಳ ಸೂಚಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಭಾಗವತರು ಯಾವ ಪದ್ಯವನ್ನು ಯಾವ ರಾಗದಲ್ಲಿ, ಯಾವ ತಾಳದಲ್ಲಿ ಹಾಡಿದ್ದಾರೆ, ಅದು ವಿಡಿಯೊದ ಎಷ್ಟನೆಯ ಗಂಟೆ, ನಿಮಿಷ, ಸೆಕೆಂಡಿಗೆ ಆರಂಭವಾಗುತ್ತದೆ ಎಂಬುದನ್ನು ಬರೆದಿಡುವ ಕೆಲಸವಾದ್ದರಿಂದ ಸ್ಲೈಡರನ್ನು ಹಿಂದೆ ಮುಂದೆ ಎಳೆಯುತ್ತಲೇ ಇರಬೇಕಾಗುತ್ತದೆ. ಕಡತವನ್ನು ಮೊದಲಿನಿಂದ ಸುಮ್ಮನೆ ಓಡಲು ಬಿಟ್ಟರೆ ಯಾವ ತೊಂದರೆಯೂ ಕಾಣುವುದಿಲ್ಲ. ನಡುವೆ ಎಲ್ಲಿಗಾದರೂ ಹಾರಿದ ಕೂಡಲೇ ತೊಂದರೆ ಶುರುವಾಗುತ್ತದೆ. ವಿಂಡೋಸ್ 10 ಇರುವ ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಬಳಸುತ್ತಿದ್ದೇನೆ.

ತೊಂದರೆ ಕೊಡುತ್ತಿರುವ ಕಡತಗಳು ಎರಡು. ಮೊದಲನೆಯದು ಇಡೀ ರಾತ್ರಿಯ ಒಂದು ಬಯಲಾಟ. ಕ್ಯಾಮ್‌ಕಾರ್ಡರಿನಲ್ಲಿ ಚಿತ್ರೀಕರಿಸಿದ ಹಲವು ಎಂಟಿಎಸ್ ತುಂಡುಗಳನ್ನು ಪರಿಚಿತರೊಬ್ಬರು ಒಂದೇ ಕಡತವಾಗಿ ಜೋಡಿಸಿ ಕೊಟ್ಟಿದ್ದಾರೆ. ಆಟ ಸುಮಾರು ಏಳು ಗಂಟೆ ನಡೆದಿದ್ದರೂ ಪ್ಲೇಯರು ಒಟ್ಟು ಅವಧಿಯನ್ನು ಎರಡು ಗಂಟೆಗೂ ಕಡಿಮೆ ತೋರಿಸುತ್ತದೆ. ಸ್ಲೈಡರನ್ನು ನಡುವಿಗೆ ಎಳೆದರೆ ಕೆಲವೊಮ್ಮೆ ಬೇರೆ ಯಾವುದೋ ಸನ್ನಿವೇಶಕ್ಕೆ ಹೋಗುತ್ತದೆ, ಕೆಲವೊಮ್ಮೆ ಚಿತ್ರ ನಿಂತುಬಿಡುತ್ತದೆ. ಹಾರಿದ ಮೇಲೆ ಚೆಂಡೆಯ ಪೆಟ್ಟು ಮೊದಲು ಕೇಳಿಸುತ್ತದೆ, ಆದರೆ ಪರದೆಯ ಮೇಲೆ ಬೂದುಬಣ್ಣದ ಚೌಕಗಳು ಹರಡಿರುತ್ತವೆ.

ಎರಡನೆಯದು ತಾಳಮದ್ದಳೆಯ ಎಂಪಿ4 ಕಡತ. ಇದರಲ್ಲಿ ಅವಧಿ ಸರಿಯಾಗಿದೆ, ಚಿತ್ರವೂ ಒಡೆಯುವುದಿಲ್ಲ. ಆದರೆ ಶಿಫ್ಟ್ ಜೊತೆಗೆ ಎಡಬಾಣವನ್ನು ಒತ್ತಿ ಮೂರು ಸೆಕೆಂಡು ಹಿಂದೆ ಬರೋಣವೆಂದರೆ ಎಂಟು ಹತ್ತು ಸೆಕೆಂಡು ಹಿಂದೆ ಹೋಗಿ ನಿಲ್ಲುತ್ತದೆ. ಪದ್ಯದ ಎತ್ತುಗಡೆಯನ್ನು ಹಿಡಿಯುವುದು ಇದರಿಂದಾಗಿ ಅಸಾಧ್ಯವಾಗಿದೆ.

ಅಂತರ್ಜಾಲದಲ್ಲಿ ಸಿಕ್ಕ ಸಲಹೆಗಳಂತೆ ಕ್ಯಾಶಿಂಗ್ ಸಮಯವನ್ನು (ತೋರಿಸುವ ಮೊದಲು ವಿಡಿಯೊವನ್ನು ಓದಿಟ್ಟುಕೊಳ್ಳುವ ಹೊತ್ತು) ಹೆಚ್ಚಿಸಿದ್ದೇನೆ, ‘ಫಾಸ್ಟ್ ಸೀಕ್’ ಎಂಬುದನ್ನು ಆನ್ ಮಾಡಿದ್ದೇನೆ, ಪ್ಲೇಯರನ್ನು ತೆಗೆದು ಮತ್ತೆ ಹಾಕಿದ್ದೇನೆ. ಪರಿಣಾಮ ಕಾಣಲಿಲ್ಲ. ಇಲ್ಲಿ ಕೆಟ್ಟಿರುವುದು ಪ್ಲೇಯರೋ ಕಡತವೋ ಎಂಬುದನ್ನು ಪತ್ತೆ ಮಾಡುವ ಕ್ರಮವನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಕರಾವಳಿಗ:

ಬೂದು ಚೌಕಗಳ ವಿಷಯ ಮೊದಲು ನೋಡಿ, ಏಕೆಂದರೆ ಅದರ ಪರೀಕ್ಷೆ ಸುಲಭ. ಟೂಲ್ಸ್ ಮೆನುವಿನಲ್ಲಿ ಪ್ರಿಫರೆನ್ಸಸ್, ಅದರಲ್ಲಿ ಇನ್‌ಪುಟ್/ಕೋಡೆಕ್ಸ್ ತೆರೆದು ‘ಹಾರ್ಡ್‌ವೇರ್ ಆಕ್ಸಿಲರೇಟೆಡ್ ಡಿಕೋಡಿಂಗ್’ ಎಂಬಲ್ಲಿ ‘ಡಿಸೇಬಲ್’ ಆರಿಸಿ, ಪ್ಲೇಯರನ್ನು ಒಮ್ಮೆ ಮುಚ್ಚಿ ತೆರೆಯಿರಿ. ಇದರಿಂದ ವಿಡಿಯೊವನ್ನು ಬಿಡಿಸುವ ಕೆಲಸ ಗ್ರಾಫಿಕ್ಸ್ ಚಿಪ್ಪಿನಿಂದ ಪ್ರೊಸೆಸರಿಗೆ ಬರುತ್ತದೆ. ಚೌಕಗಳು ಮಾಯವಾದರೆ ದೋಷ ಗ್ರಾಫಿಕ್ಸ್ ಡ್ರೈವರು ಮತ್ತು ಪ್ಲೇಯರಿನ ನಡುವಿನದು. ಡ್ರೈವರನ್ನು ನವೀಕರಿಸಿ, ಅಥವಾ ಹಾಗೆಯೇ ಡಿಸೇಬಲ್ ಮಾಡಿಟ್ಟುಕೊಳ್ಳಿ. ಕ್ಯಾಮ್‌ಕಾರ್ಡರಿನ ಹೈ ಡೆಫಿನಿಷನ್ ವಿಡಿಯೊವನ್ನು ಬಿಡಿಸುವುದು ಈಗಿನ ಯಾವ ಪ್ರೊಸೆಸರಿಗೂ ಭಾರವಲ್ಲ.

ಉಳಿದ ಎರಡಕ್ಕೆ ಇದರಿಂದ ಪರಿಹಾರ ಸಿಗಲಾರದು. ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತನೆಯ ತಂತ್ರಾಂಶದಲ್ಲಿ ಎರಡನ್ನೂ ಹೊಸ ಎಂಪಿ4 ಆಗಿ ಪರಿವರ್ತಿಸಿಬಿಟ್ಟರೆ ಗೊಂದಲವೇ ಇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಫ್ರೇಮ್‌ಗಣಕ:

ಪರಿವರ್ತನೆಯ ಮಾತಿಗೆ ಆಮೇಲೆ ಬರುತ್ತೇನೆ. ಎರಡು ಕಡತಗಳ ರೋಗ ಒಂದೇ ಅಲ್ಲವಾದ್ದರಿಂದ ಮದ್ದೂ ಒಂದೇ ಆಗಲಾರದು.

ತಾಳಮದ್ದಳೆಯ ಕಡತದಿಂದ ಆರಂಭಿಸೋಣ. ಎಚ್.264 ನಂತಹ ಕೋಡೆಕ್‌ಗಳಲ್ಲಿ (ವಿಡಿಯೊವನ್ನು ಕುಗ್ಗಿಸಿಡುವ ವಿಧಾನಗಳಲ್ಲಿ) ಎಲ್ಲ ಫ್ರೇಮುಗಳೂ ಪೂರ್ಣ ಚಿತ್ರಗಳಲ್ಲ. ಅಲ್ಲೊಂದು ಇಲ್ಲೊಂದು ಕೀಫ್ರೇಮ್ ಮಾತ್ರ ಸ್ವತಂತ್ರವಾಗಿ ಪೂರ್ಣವಾಗಿರುತ್ತದೆ. ನಡುವಿನವು ಹಿಂದಿನ ಅಥವಾ ಮುಂದಿನ ಫ್ರೇಮಿಗಿಂತ ಏನು ಬದಲಾಗಿದೆ ಎಂಬುದನ್ನಷ್ಟೇ ಹೊತ್ತಿರುತ್ತವೆ. ಹಾಗಾಗಿ ನೀವು ಒಂದು ಸೆಕೆಂಡಿಗೆ ಹಾರಲು ಹೇಳಿದಾಗ ಪ್ಲೇಯರಿಗೆ ದಾರಿ ಎರಡೇ. ಹತ್ತಿರದ ಕೀಫ್ರೇಮಿಗೆ ಹೋಗಿ ಅಲ್ಲಿಂದಲೇ ತೋರಿಸಲು ಶುರುಮಾಡಬಹುದು. ಇದು ತಕ್ಷಣ ಆಗುತ್ತದೆ, ಜಾಗ ಮಾತ್ರ ತಪ್ಪುತ್ತದೆ. ಇಲ್ಲವೇ ಹಿಂದಿನ ಕೀಫ್ರೇಮಿನಿಂದ ಹಿಡಿದು ನೀವು ಕೇಳಿದ ಜಾಗದವರೆಗಿನ ಎಲ್ಲ ಫ್ರೇಮುಗಳನ್ನೂ ಪರದೆಗೆ ತರದೆ ಒಳಗೊಳಗೇ ಬಿಡಿಸಿ, ಆಮೇಲೆ ತೋರಿಸಬಹುದು. ಜಾಗ ಕರಾರುವಾಕ್ಕಾಗಿರುತ್ತದೆ, ಕ್ಷಣಕಾಲ ಕಾಯಬೇಕಾಗುತ್ತದೆ. ‘ಫಾಸ್ಟ್ ಸೀಕ್’ ಆನ್ ಮಾಡುವುದೆಂದರೆ ಮೊದಲನೆಯ ದಾರಿಯನ್ನು ಆರಿಸಿಕೊಂಡಂತೆ. ನಿಮ್ಮ ಕೆಲಸಕ್ಕೆ ಬೇಕಾಗಿರುವುದು ಎರಡನೆಯದು. ಪ್ರಿಫರೆನ್ಸಸ್‌ನಲ್ಲಿ ಎಲ್ಲ ಆಯ್ಕೆಗಳನ್ನೂ ತೋರಿಸುವಂತೆ ಮಾಡಿ, ಇನ್‌ಪುಟ್/ಕೋಡೆಕ್ಸ್ ವಿಭಾಗದಲ್ಲಿ ಆ ಗುರುತನ್ನು ತೆಗೆದುಹಾಕಿ. ಕ್ಯಾಶಿಂಗ್ ಸಮಯವನ್ನೂ ಮೊದಲಿನಂತೆಯೇ ಮಾಡಿ; ಅದನ್ನು ಹೆಚ್ಚಿಸಿದರೆ ಪ್ರತಿ ಸಲ ಹಾರಿದಾಗಲೂ ಕಾಯುವ ಹೊತ್ತು ಹೆಚ್ಚುತ್ತದೆಯೇ ಹೊರತು ನಿಖರತೆಯಲ್ಲ.

ತಾಳಮದ್ದಳೆಯ ವಿಡಿಯೊದಲ್ಲೇ ಇದು ಎದ್ದು ಕಾಣುವುದಕ್ಕೆ ಕಾರಣವಿದೆ. ಎಚ್.264 ವಿಡಿಯೊ ತಯಾರಿಸುವ ಎಕ್ಸ್264 ಎನ್‌ಕೋಡರು ತಾನಾಗಿ ಎರಡು ಕೀಫ್ರೇಮುಗಳ ನಡುವೆ ಹೆಚ್ಚೆಂದರೆ 250 ಫ್ರೇಮುಗಳ ಅಂತರ ಬಿಡುತ್ತದೆ. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಇದು ಸರಿಯಾಗಿ ಹತ್ತು ಸೆಕೆಂಡು. ದೃಶ್ಯ ಥಟ್ಟನೆ ಬದಲಾದಾಗ ಅದು ನಡುವೆಯೇ ಹೊಸ ಕೀಫ್ರೇಮನ್ನು ಹಾಕುತ್ತದೆ, ಆದ್ದರಿಂದ ಸಿನಿಮಾದಂತಹ ಕಡತಗಳಲ್ಲಿ ಅಂತರ ಅಷ್ಟು ದೊಡ್ಡದಾಗುವುದು ಕಡಿಮೆ. ಆದರೆ ತಾಳಮದ್ದಳೆಯಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಅಲುಗಾಡದೆ ನಿಂತಿರುತ್ತದೆ, ಅರ್ಥಧಾರಿಗಳು ಕುಳಿತಲ್ಲೇ ಮಾತನಾಡುತ್ತಾರೆ, ದೃಶ್ಯ ಬದಲಾಗುವುದೇ ಇಲ್ಲ. ಹಾಗಾಗಿ ಉದ್ದಕ್ಕೂ ಗರಿಷ್ಠ ಅಂತರವೇ ಇರುತ್ತದೆ. ಊಹೆ ಸರಿಯೇ ಎಂದು ತಿಳಿಯಲು ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಕಡತವನ್ನು ತೆರೆಯಿರಿ. ಎಕ್ಸ್264 ಬಳಸಿ ಮಾಡಿದ ಕಡತಗಳಲ್ಲಿ ‘ಎನ್‌ಕೋಡಿಂಗ್ ಸೆಟ್ಟಿಂಗ್ಸ್’ ಎಂಬ ಉದ್ದನೆಯ ಸಾಲು ಸಾಮಾನ್ಯವಾಗಿ ಉಳಿದಿರುತ್ತದೆ. ಅದರಲ್ಲಿ ‘ಕೀಇಂಟ್’ ಎಂಬುದರ ಮುಂದಿರುವ ಸಂಖ್ಯೆಯೇ ಈ ಅಂತರ.

ಸೂಚಿ ತಯಾರಿಸುವಂತಹ ಕೆಲಸಕ್ಕೆ ನಾನಾದರೆ ಎಂಪಿವಿ ಪ್ಲೇಯರನ್ನು ಆರಿಸುತ್ತೇನೆ. ಅದರಲ್ಲಿಯೂ ಬಾಣದ ಕೀಲಿಗಳು ಮೊದಲಿಗೆ ಕೀಫ್ರೇಮಿಗೇ ಹಾರುತ್ತವೆ. ನಿಮ್ಮ ಕಡತದಲ್ಲಿ ಐದು ಸೆಕೆಂಡು ಹಿಂದೆ ಎಂದರೆ ಹದಿನೈದರ ಹತ್ತಿರದವರೆಗೂ ಹೋದೀತು. ಆದರೆ ಅದರ ಸಂರಚನಾ ಕಡತದಲ್ಲಿ ‘ಎಚ್‌ಆರ್-ಸೀಕ್’ ಆಯ್ಕೆಗೆ ‘ಯೆಸ್’ ಎಂದು ಬರೆದಿಟ್ಟರೆ ಎಲ್ಲ ಹಾರಾಟಗಳೂ ಕರಾರುವಾಕ್ಕಾಗುತ್ತವೆ. ಸಂರಚನೆಯ ಗೊಡವೆ ಬೇಡವೆಂದರೆ ಶಿಫ್ಟ್ ಹಿಡಿದು ಎಡ ಅಥವಾ ಬಲ ಬಾಣ ಒತ್ತಿದರೆ ನಿಖರವಾಗಿ ಒಂದು ಸೆಕೆಂಡು ಸರಿಯುತ್ತದೆ. ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿಗಳಿಂದ ಒಂದೊಂದೇ ಫ್ರೇಮು ಹಿಂದೆ ಮುಂದೆ ಹೋಗಬಹುದು. ವಿಎಲ್‌ಸಿಯಲ್ಲಿ ಇ ಅಕ್ಷರದ ಕೀಲಿಯಿಂದ ಫ್ರೇಮು ಮುಂದಕ್ಕೆ ಮಾತ್ರ ಸರಿಯುತ್ತದೆ.

ಸಂಕಲನಶಾಲೆ:

ಎಂಟಿಎಸ್ ಕಡತದ ವಿಷಯದಲ್ಲಿ ನಾಲ್ಕು ಮಾತು. ಒಟ್ಟು ಅವಧಿಯೇ ತಪ್ಪಾಗಿ ಕಾಣುತ್ತಿದೆ ಎಂಬುದು ಬಹಳ ಮುಖ್ಯವಾದ ಸುಳಿವು. ಆ ಕಡತವನ್ನು ಬೇರೊಂದು ಪ್ಲೇಯರಿನಲ್ಲಿಯೂ ತೆರೆದು ನೋಡಿ. ಅಲ್ಲಿಯೂ ಅವಧಿ ತಪ್ಪಾಗಿದ್ದರೆ ಪ್ಲೇಯರಿನ ಸೆಟ್ಟಿಂಗ್‌ಗಳನ್ನು ತಡಕುವುದನ್ನು ಅಲ್ಲಿಗೇ ನಿಲ್ಲಿಸಿ.

ಎಂಪಿ4 ಮತ್ತು ಎಂಕೆವಿ ಕಡತಗಳಲ್ಲಿ ಯಾವ ಸಮಯದ ಚಿತ್ರ ಕಡತದ ಯಾವ ಸ್ಥಾನದಲ್ಲಿದೆ ಎಂಬುದನ್ನು ಹೇಳುವ ಪರಿವಿಡಿಯೊಂದು ಇರುತ್ತದೆ. ಎಂಪಿ4ನಲ್ಲಿ ಅದು ‘ಮೂವ್’ ಎಂಬ ಭಾಗದಲ್ಲಿಯೂ, ಎಂಕೆವಿಯಲ್ಲಿ ‘ಕ್ಯೂಸ್’ ಎಂಬ ಭಾಗದಲ್ಲಿಯೂ ಕುಳಿತಿರುತ್ತದೆ. ಎಂಟಿಎಸ್ ಎಂದರೆ ಮೂಲತಃ ದೂರದರ್ಶನ ಪ್ರಸಾರಕ್ಕಾಗಿ ರೂಪುಗೊಂಡ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್. ಪ್ರಸಾರದಲ್ಲಿ ಹಿಂದೆ ಮುಂದೆ ಹಾರುವ ಪ್ರಶ್ನೆಯೇ ಇಲ್ಲದ ಕಾರಣ ಅದರೊಳಗೆ ಪರಿವಿಡಿಗೆ ಜಾಗವಿಲ್ಲ. 188 ಬೈಟ್‌ಗಳ ಪೊಟ್ಟಣಗಳು ಒಂದರ ಹಿಂದೊಂದು ಬರುತ್ತವೆ, ಅಷ್ಟೇ. ಕ್ಯಾಮ್‌ಕಾರ್ಡರುಗಳು ಬಳಸುವ ಎವಿಸಿಎಚ್‌ಡಿಯಲ್ಲಿ ಪ್ರತಿಯೊಂದಕ್ಕೂ ನಾಲ್ಕು ಬೈಟ್‌ಗಳ ಸಮಯದ ಗುರುತು ಸೇರಿ 192 ಆಗುತ್ತದೆ. ಇಂತಹ ಕಡತದ ಅವಧಿಯನ್ನು ಪ್ಲೇಯರು ಮೊದಲಿನ ಟೈಮ್‌ಸ್ಟ್ಯಾಂಪನ್ನೂ (ಚಿತ್ರವನ್ನು ತೋರಿಸಬೇಕಾದ ಸಮಯದ ಗುರುತು) ಕೊನೆಯದನ್ನೂ ಓದಿ ಕಳೆದು ಕಂಡುಕೊಳ್ಳುತ್ತದೆ. ನೀವು ಸ್ಲೈಡರನ್ನು ಎಳೆದಾಗ ಕಡತದ ಗಾತ್ರದ ಪ್ರಮಾಣದಲ್ಲಿ ಒಂದು ಸ್ಥಾನವನ್ನು ಅಂದಾಜು ಮಾಡಿ, ಅಲ್ಲಿರುವ ಟೈಮ್‌ಸ್ಟ್ಯಾಂಪನ್ನು ನೋಡಿ, ಆಚೀಚೆ ಸರಿದು ಸರಿಪಡಿಸಿಕೊಳ್ಳುತ್ತದೆ.

ಈಗ ಜೋಡಿಸಿದ ಕಡತಕ್ಕೆ ಬನ್ನಿ. ರಾತ್ರಿಯಿಡೀ ಚಿತ್ರೀಕರಿಸುವವರು ಬ್ಯಾಟರಿ ಬದಲಿಸಲು, ಚಹಾಕ್ಕೆ ಹೋಗಲು ಕ್ಯಾಮೆರಾವನ್ನು ನಿಲ್ಲಿಸಿಯೇ ಇರುತ್ತಾರೆ. ಪ್ರತಿ ಸಲ ರೆಕಾರ್ಡ್ ಗುಂಡಿ ಒತ್ತಿದಾಗಲೂ ಟೈಮ್‌ಸ್ಟ್ಯಾಂಪು ಸಾಮಾನ್ಯವಾಗಿ ಮೊದಲಿನಿಂದ ಶುರುವಾಗುತ್ತದೆ. ಅಂತಹ ತುಂಡುಗಳನ್ನು ವಿಂಡೋಸಿನ ಕಾಪಿ ಆದೇಶದಿಂದ ಬೈಟ್‌ಗೆ ಬೈಟ್ ಅಂಟಿಸಿದರೆ, ಎರಡು ಗಂಟೆಯವರೆಗೆ ಏರಿದ ಸಮಯ ಇದ್ದಕ್ಕಿದ್ದಂತೆ ಸೊನ್ನೆಗೆ ಬಿದ್ದು ಮತ್ತೆ ಏರುತ್ತದೆ. ಒಂದೇ ಕಡತದಲ್ಲಿ ‘ಒಂದು ಗಂಟೆ ಹತ್ತು ನಿಮಿಷ’ ಎಂಬ ಕ್ಷಣ ಮೂರು ನಾಲ್ಕು ಕಡೆ ಇರುತ್ತದೆ. ಪ್ಲೇಯರು ಎಲ್ಲಿಗೆಂದು ಹೋಗಬೇಕು? ಸುಮ್ಮನೆ ಓಡಲು ಬಿಟ್ಟಾಗ ತೊಂದರೆಯಾಗದಿರುವುದಕ್ಕೂ ಕಾರಣ ಇದೇ: ಬಂದ ಪೊಟ್ಟಣವನ್ನು ಬಂದ ಹಾಗೆ ಬಿಡಿಸಿಕೊಂಡು ಹೋದರೆ ಸಾಕು, ಸಮಯವನ್ನು ಹುಡುಕಬೇಕಾಗಿಲ್ಲ.



ಮೂಲ ತುಂಡುಗಳು ಉಳಿದಿವೆಯೇ ಎಂದು ಮೊದಲು ವಿಚಾರಿಸಿ. ಉಳಿದಿದ್ದರೆ ಎಂಕೆವಿಟೂಲ್‌ನಿಕ್ಸ್ ತಂತ್ರಾಂಶದಲ್ಲಿ ಮೊದಲ ತುಂಡನ್ನು ಸೇರಿಸಿ, ಉಳಿದವನ್ನು ‘ಆ್ಯಡ್’ ಮಾಡದೆ ‘ಅಪೆಂಡ್’ ಮಾಡಿ. ಆಗ ಪ್ರತಿ ತುಂಡಿನ ಸಮಯವನ್ನೂ ಅದು ಹಿಂದಿನದರ ಕೊನೆಗೆ ಹೊಂದಿಸಿ ಬರೆಯುತ್ತದೆ, ಜೊತೆಗೆ ಪರಿವಿಡಿಯನ್ನೂ ಕಟ್ಟಿಕೊಡುತ್ತದೆ. ಚಿತ್ರ ಮತ್ತು ಧ್ವನಿಯ ದತ್ತಾಂಶವನ್ನು ಮುಟ್ಟುವುದಿಲ್ಲವಾದ್ದರಿಂದ ಗುಣಮಟ್ಟ ಕುಗ್ಗುವುದಿಲ್ಲ. ಡಿಸ್ಕಿನ ವೇಗವೇ ಕೆಲಸದ ವೇಗ.

ಹ್ಯಾಂಡ್‌ಬ್ರೇಕ್‌ನ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸಮಯವೇ ಗೊಂದಲದಲ್ಲಿರುವ ಕಡತವನ್ನು ಎನ್‌ಕೋಡರಿಗೆ ಕೊಟ್ಟರೆ ಆ ಗೊಂದಲ ಹೊಸ ಕಡತಕ್ಕೂ ಸಾಗಬಹುದು, ಆಗ ಧ್ವನಿ ಮತ್ತು ಚಿತ್ರ ಬೇರೆ ಬೇರೆಯಾಗಿ ಜಾರುತ್ತವೆ. ಅದಕ್ಕಿಂತ ಹೆಚ್ಚಿನದು ಇನ್ನೊಂದಿದೆ. ನಮ್ಮಲ್ಲಿ ಮಾರಾಟವಾದ ಬಹುಪಾಲು ಕ್ಯಾಮ್‌ಕಾರ್ಡರುಗಳು ಸೆಕೆಂಡಿಗೆ 50 ಅರ್ಧಚಿತ್ರಗಳನ್ನು ಹೆಣೆದು ಮುದ್ರಿಸುತ್ತವೆ. ಪರಿವರ್ತಿಸುವಾಗ ಅದನ್ನು 25 ಪೂರ್ಣ ಫ್ರೇಮುಗಳಿಗೆ ಇಳಿಸಿದರೆ ಚಲನೆಯ ಅರ್ಧ ಭಾಗ ಹೋಗುತ್ತದೆ. ತೆಂಕುತಿಟ್ಟಿನ ಧೀಂಗಿಣವನ್ನು (ರಭಸದ ಸುತ್ತುಕುಣಿತ) ಅಂತಹ ಕಡತದಲ್ಲಿ ನೋಡಿದವರಿಗೆ ನಷ್ಟ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಂಗ್ರಹಕ್ಕಾಗಿ ಇಡುವ ಪ್ರತಿಯನ್ನು ಮರು ಎನ್‌ಕೋಡ್ ಮಾಡಲೇಬಾರದು.

ಫ್ರೇಮ್‌ಗಣಕ:

ಸಂಕಲನಶಾಲೆಯವರ ವಿವರಣೆಗೆ ಒಂದು ತಿದ್ದುಪಡಿಯಲ್ಲ, ಒಂದು ಸೇರ್ಪಡೆ. ತುಂಡುಗಳಲ್ಲಿ ಎರಡು ಬಗೆ. ಗುಂಡಿ ಒತ್ತಿ ನಿಲ್ಲಿಸಿ ಮತ್ತೆ ಶುರುಮಾಡಿದ್ದರಿಂದ ಆದ ತುಂಡುಗಳು ಒಂದು ಬಗೆ. ಒಂದೇ ಸಮನೆ ಓಡುತ್ತಿದ್ದರೂ ಕ್ಯಾಮೆರಾ ತಾನಾಗಿ ಕತ್ತರಿಸಿದ ತುಂಡುಗಳು ಇನ್ನೊಂದು ಬಗೆ. ಮೆಮೊರಿ ಕಾರ್ಡಿನ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಕಡತ 4 ಜಿಬಿ ಮುಟ್ಟುವಂತಿಲ್ಲ. ಸೆಕೆಂಡಿಗೆ 17 ಮೆಗಾಬಿಟ್ ದರದಲ್ಲಿ ಆ ಮಿತಿ ಸುಮಾರು 33 ನಿಮಿಷಕ್ಕೆ ಬಂದುಬಿಡುತ್ತದೆ. ಕೆಲವು ಕ್ಯಾಮೆರಾಗಳು 2 ಜಿಬಿಗೇ ಕತ್ತರಿಸುತ್ತವೆ. ಹೀಗೆ ತಾನಾಗಿ ತುಂಡಾದವುಗಳಲ್ಲಿ ಸಮಯ ಸಾಮಾನ್ಯವಾಗಿ ಮುಂದುವರಿದಿರುತ್ತದೆ, ಆದರೆ ಕತ್ತರಿ ಬಿದ್ದ ಜಾಗದಲ್ಲಿ ಧ್ವನಿಯ ಒಂದು ತುಣುಕು ಅರ್ಧ ಈ ಕಡತದಲ್ಲಿ, ಅರ್ಧ ಮುಂದಿನದರಲ್ಲಿ ಉಳಿದಿರಬಹುದು. ಇವನ್ನು ಮಾತ್ರ ಮೊದಲು ಬೈಟ್‌ಗೆ ಬೈಟ್ ಅಂಟಿಸಿ, ಆಮೇಲೆ ಬೇರೆ ಬೇರೆ ರೆಕಾರ್ಡಿಂಗುಗಳನ್ನು ಅಪೆಂಡ್ ಮಾಡುವುದು ಲೇಸು. ಯಾವುದು ಯಾವ ಬಗೆಯೆಂದು ತಿಳಿಯಲು ಗಾತ್ರ ನೋಡಿದರೆ ಸಾಕು: ಒಂದೇ ಗಾತ್ರದಲ್ಲಿ, ಮಿತಿಯ ಅಂಚಿನಲ್ಲಿರುವವು ಕ್ಯಾಮೆರಾ ಕತ್ತರಿಸಿದವು, ಅವುಗಳ ಸಾಲಿನ ಕೊನೆಯ ಸಣ್ಣ ತುಂಡು ಬಂದಲ್ಲಿಗೆ ಆ ರೆಕಾರ್ಡಿಂಗ್ ಮುಗಿಯಿತು.

ಇನ್ನೊಂದು ಮಾತು ಮುಂದಿನ ಚಿತ್ರೀಕರಣಗಳಿಗೆ. ಕಾರ್ಡಿನಲ್ಲಿ ‘ಸ್ಟ್ರೀಮ್’ ಎಂಬ ಫೋಲ್ಡರಿನ ಪಕ್ಕದಲ್ಲೇ ‘ಕ್ಲಿಪ್‌ಇನ್ಫ್’, ‘ಪ್ಲೇಲಿಸ್ಟ್’ ಎಂಬ ಫೋಲ್ಡರುಗಳಿರುತ್ತವೆ. ಎಂಟಿಎಸ್ ಕಡತದೊಳಗೆ ಇಲ್ಲದ ಪರಿವಿಡಿಯನ್ನು ಮತ್ತು ಯಾವ ತುಂಡಿನ ಮುಂದೆ ಯಾವುದು ಎಂಬ ಮಾಹಿತಿಯನ್ನು ಕ್ಯಾಮೆರಾ ಅಲ್ಲಿ ಬರೆದಿಟ್ಟಿರುತ್ತದೆ. ಎಲ್ಲರೂ ದೊಡ್ಡ ಕಡತಗಳನ್ನು ಮಾತ್ರ ನಕಲು ಮಾಡಿಕೊಂಡು ಕಾರ್ಡನ್ನು ಅಳಿಸುತ್ತಾರೆ. ಇಡೀ ಫೋಲ್ಡರನ್ನೇ ನಕಲು ಮಾಡಿದರೆ ಕೆಲವೇ ಕಿಲೋಬೈಟ್‌ಗಳ ಹೆಚ್ಚುವರಿ ಅಷ್ಟೇ.

ಪದ್ಯಸೂಚಿ:

ಸಮಯ ಕೊಟ್ಟು ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ನೋಡಿದ್ದನ್ನು ವರದಿ ಮಾಡುತ್ತೇನೆ.

ಹಾರ್ಡ್‌ವೇರ್ ಡಿಕೋಡಿಂಗನ್ನು ನಿಲ್ಲಿಸಿದ ಮೇಲೆ ಬೂದು ಚೌಕಗಳು ಹೋದವು. ಜಾಗ ತಪ್ಪುವುದು, ಅವಧಿ ತಪ್ಪಾಗಿ ಕಾಣುವುದು ಹಾಗೆಯೇ ಉಳಿದವು. ತಾಳಮದ್ದಳೆಯ ಕಡತವನ್ನು ಮೀಡಿಯಾಇನ್ಫೊದಲ್ಲಿ ತೆರೆದಾಗ ಕೀಇಂಟ್ 250 ಎಂದೇ ಇತ್ತು. ಫಾಸ್ಟ್ ಸೀಕ್ ತೆಗೆದ ಬಳಿಕ ಮೂರು ಸೆಕೆಂಡು ಎಂದರೆ ಮೂರೇ ಸೆಕೆಂಡು ಹಿಂದೆ ಬರುತ್ತಿದೆ. ಎಂಪಿವಿಯನ್ನೂ ಹಾಕಿಕೊಂಡಿದ್ದೇನೆ, ಫ್ರೇಮು ಫ್ರೇಮಾಗಿ ಹಿಂದಕ್ಕೆ ಹೋಗುವ ಸೌಲಭ್ಯ ಪದ್ಯದ ಮೊದಲ ಅಕ್ಷರವನ್ನು ಹಿಡಿಯಲು ಬಹಳ ಉಪಯುಕ್ತ.

ಬಯಲಾಟದ ಮೂಲ ತುಂಡುಗಳು ಪರಿಚಿತರ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಸಿಕ್ಕಿದವು. ಗಾತ್ರ ನೋಡಿ ಗುಂಪು ಮಾಡಿ, ಫ್ರೇಮ್‌ಗಣಕ ಅವರು ಹೇಳಿದ ಕ್ರಮದಲ್ಲಿಯೇ ಜೋಡಿಸಿದೆ. ಈಗ ಅವಧಿ ಸರಿಯಾಗಿ ತೋರುತ್ತಿದೆ, ಎಳೆದ ಜಾಗಕ್ಕೇ ಹೋಗುತ್ತಿದೆ. ಪ್ರತಿ ಜೋಡಣೆಯ ಬಳಿ ಚೆಂಡೆಯ ಪೆಟ್ಟು ಮತ್ತು ವೇಷಧಾರಿಯ ಹೆಜ್ಜೆ ಒಟ್ಟಿಗೆ ಬೀಳುತ್ತಿವೆಯೇ ಎಂದು ಗಮನಿಸಿದೆ, ಬೀಳುತ್ತಿವೆ.

ಇನ್ನೊಂದು ಪ್ರಶ್ನೆ ಉಳಿದಿದೆ. ತಾಳಮದ್ದಳೆಯ ಅದೇ ಎಂಪಿ4 ಕಡತವನ್ನು ಕಲಾಸಂಘದ ಜಾಲತಾಣದಲ್ಲಿ ಇಟ್ಟಿದ್ದಾರೆ. ಅಲ್ಲಿ ಬ್ರೌಸರಿನಲ್ಲಿ ನೋಡುವಾಗ ಸ್ಲೈಡರನ್ನು ಮುಂದಕ್ಕೆ ಎಳೆದರೆ ವಿಡಿಯೊ ಮೊದಲಿಗೇ ಮರಳುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿರುವ ಕಡತ ಅಲ್ಲಿ ಹೀಗೇಕೆ ವರ್ತಿಸುತ್ತದೆ? ಸೂಚಿಯನ್ನು ಓದುಗರಿಗೆ ಒದಗಿಸುವ ಅನುಕೂಲಕರ ಕ್ರಮ ಯಾವುದಾದರೂ ಇದೆಯೇ?

ತಂತಿಜಾಲ:

ಜಾಲತಾಣದ ತೊಂದರೆಗೆ ಕಡತ ಕಾರಣವಲ್ಲ, ಸರ್ವರು ಕಾರಣ. ಬ್ರೌಸರು ನಡುವಿಗೆ ಹಾರಬೇಕಾದರೆ ‘ಈ ಬೈಟ್‌ನಿಂದ ಮುಂದಕ್ಕೆ ಮಾತ್ರ ಕೊಡು’ ಎಂದು ಕೇಳುತ್ತದೆ. ಇದನ್ನೇ ರೇಂಜ್ ಕೋರಿಕೆ ಎನ್ನುವುದು. ಸರ್ವರು ಅದನ್ನು ಪಾಲಿಸಿದರೆ 206 ಎಂಬ ಸಂಕೇತದೊಂದಿಗೆ ಆ ಭಾಗವನ್ನಷ್ಟೇ ಕಳುಹಿಸುತ್ತದೆ. ಪಾಲಿಸದಿದ್ದರೆ 200 ಎಂಬ ಸಂಕೇತದೊಂದಿಗೆ ಇಡೀ ಕಡತವನ್ನು ಮೊದಲಿನಿಂದ ಕಳುಹಿಸುತ್ತದೆ. ನೀವು ಕಾಣುತ್ತಿರುವುದು ಇದೇ ಇರಬೇಕು. ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಎಂಬ ಪುಟವನ್ನು ತೆರೆದಿಟ್ಟುಕೊಂಡು ಸ್ಲೈಡರನ್ನು ಎಳೆದರೆ ಯಾವ ಸಂಕೇತ ಬರುತ್ತಿದೆ ಎಂಬುದು ಕಾಣುತ್ತದೆ. ಅಪಾಚೆ, ಎಂಜಿನ್‌ಎಕ್ಸ್ ಮುಂತಾದ ಸರ್ವರುಗಳು ಡಿಸ್ಕಿನಲ್ಲಿರುವ ಕಡತವನ್ನು ನೇರವಾಗಿ ಕೊಡುವಾಗ ಇದನ್ನು ತಾವಾಗಿಯೇ ಪಾಲಿಸುತ್ತವೆ. ನಡುವೆ ಪಿಎಚ್‌ಪಿಯಂತಹ ಭಾಷೆಯಲ್ಲಿ ಬರೆದ ಪುಟವೊಂದು ಕಡತವನ್ನು ಓದಿ ಓದಿ ಕೊಡುತ್ತಿದ್ದರೆ, ಬರೆದವರು ಈ ಸೌಲಭ್ಯವನ್ನು ಸೇರಿಸಿರದಿದ್ದರೆ ಹೀಗಾಗುತ್ತದೆ. ಸಂಘದ ಜಾಲತಾಣ ನೋಡಿಕೊಳ್ಳುವವರಿಗೆ ಈ ಒಂದು ವಾಕ್ಯ ಹೇಳಿದರೆ ಸಾಕು: ವಿಡಿಯೊ ಕಡತಕ್ಕೆ ನೇರ ಕೊಂಡಿ ಕೊಡಿ, ಇಲ್ಲವೇ ರೇಂಜ್ ಕೋರಿಕೆಗಳಿಗೆ ಉತ್ತರಿಸುವಂತೆ ಮಾಡಿ. ಜೊತೆಗೆ ಎಂಪಿ4ನ ಮೂವ್ ಭಾಗ ಕಡತದ ಕೊನೆಯಲ್ಲಿದ್ದರೆ ಅದನ್ನು ಮೊದಲಿಗೆ ತರಿಸುವುದು ಒಳ್ಳೆಯದು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಲ್ಲಿ ‘ಫಾಸ್ಟ್‌ಸ್ಟಾರ್ಟ್’ ಎಂಬ ಆಯ್ಕೆಯಿಂದ ಮರು ಎನ್‌ಕೋಡ್ ಮಾಡದೆಯೇ ಇದು ಆಗುತ್ತದೆ, ವಿಡಿಯೊ ಬೇಗನೆ ಶುರುವಾಗುತ್ತದೆ.

ಜಾಲತಾಣದ ಪ್ರತಿಗೆ ಮಾತ್ರ ಕರಾವಳಿಗ ಅವರ ಸಲಹೆಯಂತೆ ಮರು ಎನ್‌ಕೋಡ್ ಮಾಡುವುದರಲ್ಲಿ ತಪ್ಪಿಲ್ಲ. ಆಗ ಕೀಇಂಟ್ 50 ಎಂದು ಕೊಟ್ಟರೆ ಎರಡು ಸೆಕೆಂಡಿಗೊಂದು ಕೀಫ್ರೇಮ್ ಬರುತ್ತದೆ. ಕಡತದ ಗಾತ್ರ ತುಸು ಹೆಚ್ಚುತ್ತದೆ, ಆದರೆ ಮೊಬೈಲಿನಲ್ಲಿ ನೋಡುವವರಿಗೂ ಹಾರಾಟ ಚುರುಕಾಗುತ್ತದೆ.

ಸೂಚಿಯ ವಿಷಯ: ಬಯಲಾಟವನ್ನು ಹೇಗೂ ಎಂಕೆವಿ ಮಾಡಿದ್ದೀರಿ. ಎಂಕೆವಿಟೂಲ್‌ನಿಕ್ಸ್‌ನಲ್ಲಿ ‘ಚಾಪ್ಟರ್ ಎಡಿಟರ್’ ಇದೆ. ಪ್ರತಿ ಪದ್ಯದ ಸಮಯವನ್ನೂ ಅದರ ಮೊದಲ ಸಾಲನ್ನೂ ಅಲ್ಲಿ ಅಧ್ಯಾಯವಾಗಿ ಸೇರಿಸಿದರೆ ಅದು ಕಡತದೊಳಗೇ ಉಳಿಯುತ್ತದೆ, ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ವಿಎಲ್‌ಸಿಯಲ್ಲಿ ಪ್ಲೇಬ್ಯಾಕ್ ಮೆನುವಿನ ಚಾಪ್ಟರ್ ಎಂಬಲ್ಲಿ ಪದ್ಯಗಳ ಪಟ್ಟಿ ಕಾಣುತ್ತದೆ. ಎಂಪಿವಿಯಲ್ಲಿ ಪೇಜ್‌ಅಪ್, ಪೇಜ್‌ಡೌನ್ ಕೀಲಿಗಳಿಂದ ಪದ್ಯದಿಂದ ಪದ್ಯಕ್ಕೆ ಹೋಗಬಹುದು, ಮತ್ತು ಅಧ್ಯಾಯಕ್ಕೆ ಹಾರುವಾಗ ಅದು ಬೇರೆ ಸಂರಚನೆಯಿಲ್ಲದೆಯೇ ನಿಖರವಾಗಿ ಹಾರುತ್ತದೆ. ನೂರಾರು ಪದ್ಯಗಳನ್ನು ಒಂದೊಂದಾಗಿ ಟೈಪ್ ಮಾಡುವ ಬದಲು ಸಮಯ ಒಂದು ಸಾಲು, ಹೆಸರು ಮುಂದಿನ ಸಾಲು ಎಂಬಂತಿರುವ ಸರಳ ಪಠ್ಯ ಕಡತವನ್ನು ಅದೇ ಎಡಿಟರಿನಲ್ಲಿ ತೆರೆಯಬಹುದು. ನಿಮ್ಮ ಪಟ್ಟಿ ಈಗಾಗಲೇ ಸ್ಪ್ರೆಡ್‌ಶೀಟಿನಲ್ಲಿದ್ದರೆ ಅದರ ಮಾದರಿಯ ನಾಲ್ಕು ಸಾಲುಗಳನ್ನು ಇಲ್ಲಿ ಹಾಕಿ. ಆ ರೂಪಕ್ಕೆ ತರುವ ಸೂತ್ರವನ್ನು ಬರೆದುಕೊಡುತ್ತೇನೆ.